ಬಸ್ಸಿಗೆ ಮನೆ ನಂಬರು

ಮನೆ ಯಾವುದು, ಬಸ್ಸು ಯಾವುದು ಎಂದು ನಮ್ಮ ಹಿರಿಯಡ್ಕದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಇದ್ದಲ್ಲೇ ಇದ್ದರೆ ಮನೆ, ಓಡಿದರೆ ಬಸ್ಸು. ಇಷ್ಟು ಸುಲಭದ ಲೆಕ್ಕವನ್ನು ಇಡೀ ಊರಿಗೆ ಗಂಟು ಹಾಕಿಕೊಟ್ಟವರು ನಮ್ಮ ಬ್ಯಾಪ್ಟಿಸ್ಟ್ ಪೊರ್ಬುಗಳು. ಕ್ರಿಸ್ತಾನರ ಗಂಡಸರನ್ನು ನಮ್ಮ ಕಡೆ ಪೊರ್ಬುಗಳು ಎನ್ನುವುದು, ಹೆಂಗಸರನ್ನು ಬಾಯಿ. ನನ್ನ ಸೋಡಾ ಅಂಗಡಿಯ ಹಿಂದೆಯೇ ಅವರ ಮನೆ, ಆದ್ದರಿಂದ ಗಂಟಿನ ಒಂದು ತುದಿ ನನ್ನ ಕೊರಳಿಗೂ ಬಿತ್ತು.

ಪೊರ್ಬುಗಳು ಬಹಳ ವರ್ಷ ಬೊಂಬಾಯಿಯಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದವರು. ದೊರೆ ತನ್ನ ದೇಶಕ್ಕೆ ಹೋದ, ಇವರು ಹಿರಿಯಡ್ಕಕ್ಕೆ ಬಂದರು. ಬರುವಾಗ ಒಂದು ಚಮಚೆಯ ಸೆಟ್ಟು, ಒಂದು ಟೋಪಿ ಮತ್ತು ದೊರೆಯ ಮಾಸಪತ್ರಿಕೆಯಿಂದ ಹರಿದ ಒಂದು ಚಿತ್ರ ತಂದರು. ಚಿತ್ರದಲ್ಲಿ ಒಂದು ಗಾಲಿಯ ಮನೆ. ಅದರ ಬಾಗಿಲಲ್ಲಿ ಒಬ್ಬಳು ಬಿಳಿ ಮಡಮ್ಮ ಕುರ್ಚಿ ಹಾಕಿ ಚಹಾ ಕುಡಿಯುತ್ತಿದ್ದಳು, ಎದುರಿಗೆ ಕೆರೆ. ನನಗೆ ಆ ಚಿತ್ರ ತೋರಿಸಿದ್ದು ಎಷ್ಟು ಸಲ ಎಂದರೆ ಆ ಮಡಮ್ಮ ದಾರಿಯಲ್ಲಿ ಸಿಕ್ಕಿದರೆ ನಾನು ಗುರುತು ಹಿಡಿದು ಸೋಡಾ ಕೊಡುತ್ತಿದ್ದೆ.

"ಹೂವಪ್ಪ, ದೊರೆಗಳು ಹೀಗೆ ಊರು ತಿರುಗುವುದು. ಹೊಟೇಲೂ ಬೇಡ, ನೆಂಟರೂ ಬೇಡ" ಎಂದರು.

"ನೆಂಟರು ಬೇಡವೆಂದು ಮನೆಗೆ ಗಾಲಿ ಹಾಕುವುದಾ ಪೊರ್ಬುಗಳೇ? ನಮ್ಮಲ್ಲಿ ಬಾಗಿಲು ಹಾಕಿಕೊಂಡರೆ ಸಾಕಾಗುತ್ತದೆ" ಎಂದೆ. ಅವರಿಗೆ ಸಿಟ್ಟು ಬಂತು.

ಆದರೆ ಕಾರಣ ಬರೀ ದೊಡ್ಡಸ್ತಿಕೆಯಲ್ಲ. ಅವರ ತಾಯಿ ಜೆರ್ಟ್ರೂಡ್ ಬಾಯಮ್ಮ ಎಂಬತ್ತು ದಾಟಿದವರು. ಪೊರ್ಬುಗಳು ತೊಟ್ಟಿಲಲ್ಲಿದ್ದಾಗ ವಿಷಮಜ್ವರ ಬಂದು ಕೈಬಿಟ್ಟುಹೋಗುವಂತಾಗಿತ್ತಂತೆ. ಆಗ ಬಾಯಮ್ಮ ಗೋವೆಯ ಇಗರ್ಜಿಯಲ್ಲಿ ಶರೀರ ಕೆಡದೆ ಮಲಗಿರುವ ಸಂತ ಸಾಯ್ಬರಿಗೆ ಹರಕೆ ಹೇಳಿಕೊಂಡಿದ್ದರು, ಮಗ ಉಳಿದರೆ ಬಂದು ನಿಮ್ಮ ಪಾದ ನೋಡುತ್ತೇನೆ ಎಂದು. ಮಗ ಉಳಿದ, ಬೆಳೆದ, ತಲೆ ಬೋಳಾಯಿತು, ಹರಕೆ ಹಾಗೆಯೇ ಉಳಿಯಿತು. ಮೊದಲು ಕೈಯಲ್ಲಿ ಕಾಸಿರಲಿಲ್ಲ, ಆಮೇಲೆ ಪೋರ್ಚುಗೀಸರ ಗಡಿ ಮುಚ್ಚಿತು. ಈಗ ಗೋವೆ ನಮ್ಮದಾಗಿತ್ತು, ಅರುವತ್ತನಾಲ್ಕನೇ ಇಸವಿಯ ಕೊನೆಗೆ ಸಾಯ್ಬರ ಶರೀರವನ್ನು ಜನರ ದರ್ಶನಕ್ಕೆ ಇಟ್ಟಿದ್ದರು. ಜನವರಿಯ ಮೂರು ರಾಜರ ಹಬ್ಬಕ್ಕೆ ಮುಚ್ಚುತ್ತಾರೆ, ಮತ್ತೆ ತೆರೆಯುವುದು ಹತ್ತು ವರ್ಷಕ್ಕೋ ಏನೋ. ಬಾಯಮ್ಮನಿಗೆ ಅಷ್ಟು ಕಾಯುವ ಪುರುಸೊತ್ತು ಇರಲಿಲ್ಲ.

ಹಾಗಾದರೆ ಬಸ್ಸು ಹತ್ತಿ ಹೋಗಬಹುದಲ್ಲ ಎಂದು ನೀವು ಕೇಳುತ್ತೀರಿ. ಅಲ್ಲಿಯೇ ತೊಡಕು. ಬಾಯಮ್ಮ ತನ್ನ ಸ್ವಂತ ಮನೆಯ ಹೊರಗೆ ಮಲಗುವವರಲ್ಲ. ಪಾದ್ರಿಗಳು ಮಂತ್ರಿಸಿದ ಮಾಡು ಮೇಲಿರಬೇಕು, ದೇವರ ಪಟವಿಟ್ಟ ತನ್ನ ಆಲ್ತಾರು ಎದುರಿಗಿರಬೇಕು, ಆಗ ಮಾತ್ರ ಕಣ್ಣು ಮುಚ್ಚುವುದು. ಕಾರ್ಕಳದಲ್ಲಿ ಮೊಮ್ಮಗಳ ಮದುವೆಗೆ ಹೋದಾಗ ರಾತ್ರಿಯಿಡೀ ಚಪ್ಪರದ ಕಂಬಕ್ಕೆ ಒರಗಿ ಕೂತು, ಬೆಳಿಗ್ಗೆ ಮದುಮಗನಿಗೆ ಎರಡು ಸಲ ಆಶೀರ್ವಾದ ಮಾಡಿ ಮದುಮಗಳನ್ನು ಬಿಟ್ಟೇಬಿಟ್ಟಿದ್ದರು. ಗೋವೆಗೆ ಹೋಗಿ ಬರಲು ನಾಲ್ಕಾರು ರಾತ್ರಿ ಬೇಕು. ನಿದ್ದೆಯಿಲ್ಲದೆ ಆ ಜೀವ ಕುಂದಾಪುರ ದಾಟುತ್ತಿರಲಿಲ್ಲ.

ಪೊರ್ಬುಗಳು ಚಿತ್ರವನ್ನು ಮತ್ತೊಮ್ಮೆ ನೋಡಿದರು. ಅಮ್ಮ ಮನೆ ಬಿಟ್ಟು ಮಲಗುವುದಿಲ್ಲವಾದರೆ ಮನೆಯೇ ಗೋವೆಗೆ ಹೋಗಬೇಕು.

ಉಡುಪಿ ಕಾರ್ಕಳ ಲೈನಿನಲ್ಲಿ ಓಡಿ ಓಡಿ ಸುಸ್ತಾದ ಒಂದು ಬಸ್ಸನ್ನು ಅವರು ಕೊಂಡರು. ಸೀಟು ಕಿತ್ತು ಎರಡು ಮಂಚ ಹಾಕಿಸಿದರು, ಕಿಟಕಿಗೆ ಹೂವಿನ ಪರದೆ, ಕಂಡಕ್ಟರ್ ನಿಲ್ಲುವ ಜಾಗದಲ್ಲಿ ಆಲ್ತಾರು, ಹಿಂದೆ ಸೀಮೆಎಣ್ಣೆ ಸ್ಟವ್ವಿನ ಅಡಿಗೆಮನೆ. ಬಸ್ಸಿನ ಜೊತೆಗೆ ಅದರ ಹಳೆಯ ಡ್ರೈವರ್ ಪ್ಯಾಟ್ರಿಕ್ ಕೂಡ ಬಂದ. ಸಮಸ್ಯೆಯೆಂದರೆ ಜನರಿಗೆ ಆ ಬಸ್ಸಿನ ಮುಖ ಪರಿಚಯ. ಹಲಸಿನ ಮರದಡಿ ಸುಮ್ಮನೆ ನಿಂತಿದ್ದರೂ ಯಾರಾದರೊಬ್ಬರು ಕೊಡೆ ಮಡಚಿ ಒಳಗೆ ಹೋಗಿ ಬಾಯಮ್ಮನ ಮಂಚದಲ್ಲಿ ಕೂತು, "ಕಾರ್ಕಳಕ್ಕೆ ಎಷ್ಟು ಗಂಟೆಗೆ ಬಿಡುತ್ತದೆ?" ಎಂದು ಕೇಳುತ್ತಿದ್ದರು.

ಮಂತ್ರಿಸುವ ದಿನ ಬಂತು. ಫಾದರ್ ಡೊಮಿನಿಕ್ ವಾಹನಕ್ಕೆ ಹೇಳುವ ಪ್ರಾರ್ಥನೆಯ ಪುಟಕ್ಕೆ ಗುರುತು ಹಾಕಿಕೊಂಡು ಬಂದಿದ್ದರು. ಬಾಯಮ್ಮ ಫುಟ್‌ಬೋರ್ಡಿಗೆ ಅಡ್ಡ ನಿಂತರು.

"ವಾಹನದ್ದು ಬೇಡ ಫಾದರ್. ಮನೆಯದ್ದು ಹೇಳಿ."

"ಬಾಯಮ್ಮ, ಇದಕ್ಕೆ ಗಾಲಿ ಉಂಟಲ್ಲ?"

"ನನ್ನ ಮಂಚಕ್ಕೂ ಕಾಲುಂಟು. ಅದು ನಡೆಯುತ್ತದಾ?"

ಫಾದರ್ ಪುಟ ತಿರುಗಿಸಿದರು. ಮನೆಯಾದರೆ ಕೋಣೆ ಕೋಣೆಗೆ ಹೋಗಿ ತೀರ್ಥ ಚಿಮುಕಿಸಬೇಕು. ಅವರು ದಪ್ಪ, ಬಸ್ಸು ಸಪುರ. ಅಡ್ಡಡ್ಡವಾಗಿ ಸರಿಯುತ್ತಾ ಇದು ಚಾವಡಿ, ಇದು ಮಲಗುವ ಕೋಣೆ ಎಂದು ಪೊರ್ಬುಗಳು ತೋರಿಸಿದಲ್ಲೆಲ್ಲ ಚಿಮುಕಿಸಿದರು. ಅಡಿಗೆಮನೆಯಲ್ಲಿ ಸಿಕ್ಕಿಬಿದ್ದು ಹಿಂದಿನ ಬಾಗಿಲಿನಿಂದ ಇಳಿದರು. ಆಮೇಲೆ ಅಂಗಳದಲ್ಲಿ ಇಡ್ಲಿಯಂಥ ಸನ್ನಣ, ಹಂದಿ ಮಾಂಸ, ಅದು ಆಗದ ನಮ್ಮಂಥವರಿಗೆ ಕೋಳಿ. ಊರಿಗೆ ಊರೇ ಹೊಸ ಮನೆಯ ಒಕ್ಕಲಿನ ಊಟ ಉಂಡಿತು. ಉಂಡವರಲ್ಲಿ ಇಬ್ಬರನ್ನು ನೀವು ನೆನಪಿಟ್ಟುಕೊಳ್ಳಬೇಕು. ಒಬ್ಬ ಪಂಚಾಯತಿನ ಬಿಲ್ ಕಲೆಕ್ಟರ್ ಗಣಪಯ್ಯ. ಇನ್ನೊಬ್ಬ ಪೊರ್ಬುಗಳ ಹೆಂಡತಿ ಮ್ಯಾಗ್ಡಲಿನ್ ಬಾಯಿಯ ತಮ್ಮ ಸ್ಟ್ಯಾನಿಸ್ಲಾಸ್, ಉಡುಪಿಯಲ್ಲಿ ಇನ್ಶೂರೆನ್ಸ್ ಏಜೆಂಟ್.

ಮರುದಿನ ಬೆಳಿಗ್ಗೆ ಠಣ್ ಠಣ್ ಎಂದು ಸದ್ದು ಕೇಳಿ ಓಡಿಹೋದೆ. ಗಣಪಯ್ಯ ಬಸ್ಸಿನ ಬಾಗಿಲ ಪಕ್ಕ ತಗಡಿನ ಮನೆ ನಂಬರು ಹೊಡೆಯುತ್ತಿದ್ದ.

"ಎಂತ ಗಣಪಯ್ಯ ಇದು?"

"ಒಕ್ಕಲು ಆಯಿತಲ್ಲ ಹೂವಪ್ಪಣ್ಣ. ನಾನೇ ಉಂಡು ಹೋದೆ. ಒಕ್ಕಲಾದ ಮೇಲೆ ನಂಬರು ಹೊಡೆಯಲೇಬೇಕು. ಇನ್ನು ಈ ಮನೆ ಪೂರ್ವದಲ್ಲಿ ಹಲಸಿನ ಮರ, ಪಶ್ಚಿಮದಲ್ಲಿ ನಿಮ್ಮ ಸೋಡಾ ಅಂಗಡಿ, ಇದರ ಮಧ್ಯೆಯೇ ಇರಬೇಕು."

ಪೊರ್ಬುಗಳಿಗೆ ಸಂತೋಷವೋ ಸಂತೋಷ. ದೊರೆಯ ಗಾಲಿಯ ಮನೆಗೂ ನಂಬರು ಇರಲಿಲ್ಲವಂತೆ. ತಗಡನ್ನು ದಿನಾ ಬೂದಿ ಹಾಕಿ ತಿಕ್ಕಿದರು. ಅಮ್ಮನಿಗೂ ಅದು ಮನೆಯೇ ಎಂಬ ಧೈರ್ಯ ಬಂತು.

ಆ ಸಂತೋಷ ಸ್ಟ್ಯಾನಿಸ್ಲಾಸ್ ಬರುವವರೆಗೆ ಬಾಳಿತು. ಬಸ್ಸಿನ ಹಳೆಯ ಪಾಲಿಸಿ ಜಿಲ್ಲೆಯೊಳಗಿನ ಓಡಾಟಕ್ಕೆ ಮಾತ್ರ, ಅದೂ ಡಿಸೆಂಬರಿಗೆ ಮುಗಿಯುತ್ತದೆ. ಗೋವೆಗೆ ಹೊಸ ಪಾಲಿಸಿ ಬೇಕು, ಇಲ್ಲದಿದ್ದರೆ ಪೋಲೀಸರು ಮೊದಲ ಗೇಟಿನಲ್ಲೇ ಹಿಂದೆ ಕಳಿಸುತ್ತಾರೆ. ಅವನು ನನ್ನ ಅಂಗಡಿಯ ಬೆಂಚಿನಲ್ಲಿ ಭಾವನನ್ನು ಕೂರಿಸಿ ವಿವರಿಸಲು ತೊಡಗಿದ.

"ಭಾವ, ಕಾನೂನಿನ ಪ್ರಕಾರ ಥರ್ಡ್ ಪಾರ್ಟಿ ಬೇಕೇ ಬೇಕು."

"ಯಾವ ಪಾರ್ಟಿ? ನಾನು ಕಾಂಗ್ರೆಸ್ಸಿಗೆ ಓಟು ಹಾಕುವವ."

"ಆ ಪಾರ್ಟಿ ಅಲ್ಲ. ಒಂದನೆಯವರು ನೀವು. ಎರಡನೆಯದು ಕಂಪೆನಿ. ಮೂರನೆಯವರು ನಿಮ್ಮ ಗಾಡಿ ಯಾರಿಗೆ ಢಿಕ್ಕಿ ಹೊಡೆಯುತ್ತದೋ ಅವರು."

"ಯಾರಿಗೆ ಹೊಡೆಯುತ್ತದೆ?"

"ಅದು ಈಗ ಹೇಗೆ ಗೊತ್ತಾಗುತ್ತದೆ?"

"ಗುರುತು ಪರಿಚಯ ಇಲ್ಲದವನಿಗೋಸ್ಕರ ನಾನು ದುಡ್ಡು ಕಟ್ಟುವುದಾ? ನನ್ನ ಅಮ್ಮನಿಗೆ, ಮಂಚಕ್ಕೆ, ಸ್ಟವ್ವಿಗೆ ಎಂತ ಉಂಟು?"

"ಅದಕ್ಕೆ ಕಾಂಪ್ರಹೆನ್ಸಿವ್ ಮಾಡಬೇಕು. ಗಾಡಿಗೂ ಸೇರುತ್ತದೆ" ಎನ್ನುತ್ತಾ ಸ್ಟ್ಯಾನಿಸ್ಲಾಸ್ ಬಸ್ಸಿನ ಕಡೆ ತಿರುಗಿದ. ತಗಡು ಫಳಫಳ ಹೊಳೆಯಿತು. ಅವನ ಮುಖ ಸಣ್ಣದಾಯಿತು. "ಇದೆಂತ ಭಾವ, ಮನೆ ನಂಬರಾ? ಮನೆಗೆ ಮೋಟಾರು ಪಾಲಿಸಿ ಬರೆಯಲಿಕ್ಕೆ ಆಗುವುದಿಲ್ಲ."

"ಹಾಗಾದರೆ ಮನೆಯ ಪಾಲಿಸಿ ಬರೆ."

"ಮನೆಯದ್ದು ಬರೆದರೆ ಮನೆ ಇದ್ದಲ್ಲಿಂದ ಅಲುಗಬಾರದು."

"ನೀನೇ ಒಕ್ಕಲಿಗೆ ಬಂದು ಮೂರು ಸಲ ಬಡಿಸಿಕೊಂಡು ಉಂಡಿದ್ದಿ ಅಲ್ವಾ? ಆಗ ಬಾಯಿ ಇರಲಿಲ್ಲವಾ ನಿನಗೆ?"

"ಇತ್ತು ಭಾವ, ತುಂಬಿತ್ತು."

ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಅವನು ಸೈಕಲು ಹತ್ತಿದ. ಪೊರ್ಬುಗಳು ಹೆದರಲಿಲ್ಲ. ಹಳೆಯ ಪಾಲಿಸಿ ಜೀವದಲ್ಲಿರುವಾಗಲೇ ಕಾಪುವಿನ ಕಡಲಿಗೆ ಹೋಗಿ, ಅಮ್ಮನಿಗೆ ಒಳಗೆ ನಿದ್ದೆ ಬರುತ್ತದಾ ಎಂದು ನೋಡಿ ಬರೋಣ ಎಂದರು. ಮನೆಯೇ ಎದ್ದು ಹೋಗುವಾಗ ನೆರೆಯವನು ಹೋಗದಿದ್ದರೆ ಹೇಗೆಂದು ನಾನೂ ಹತ್ತಿದೆ.

ಪ್ಯಾಟ್ರಿಕ್ ಅಭ್ಯಾಸಬಲದಿಂದ ಪ್ರತಿ ಸ್ಟಾಪಿನಲ್ಲೂ ನಿಲ್ಲಿಸಿದ. ಬೈದರೆ, "ನಾನು ನಿಲ್ಲಿಸುವುದಲ್ಲ, ಅದೇ ನಿಲ್ಲುತ್ತದೆ" ಎಂದ. ಮಣಿಪಾಲದಲ್ಲಿ ಇಬ್ಬರು ಮೆಡಿಕಲ್ ಕಾಲೇಜಿನ ಹುಡುಗಿಯರು, ಉಡುಪಿಯಲ್ಲಿ ಕುಂಬಳಕಾಯಿ ಹೊತ್ತ ಒಬ್ಬರು ಹೀಗೆ ಹತ್ತುತ್ತಲೇ ಇದ್ದರು. ಬಾಯಮ್ಮ ಮಂಚದಲ್ಲಿ ಕೂತು ಒಬ್ಬೊಬ್ಬರನ್ನೂ, "ನೀವು ಯಾರ ಪೈಕಿ?" ಎಂದು ವಿಚಾರಿಸುತ್ತಿದ್ದರು. ಕುಂಬಳಕಾಯಿಯವರು ದೂರದಿಂದ ನನಗೇ ಸಂಬಂಧ ಎಂದು ಕಟಪಾಡಿಯ ಹತ್ತಿರ ತಿಳಿಯಿತು.

ಕಾಪುವಿನಲ್ಲಿ ದೀಪಸ್ತಂಭದ ಹತ್ತಿರ, ಬಾಯಮ್ಮನಿಗೆ ಕಿಟಕಿಯಿಂದಲೇ ಕಡಲು ಕಾಣಲೆಂದು ಪೊರ್ಬುಗಳು ಬಸ್ಸನ್ನು ಮರಳಿಗೇ ಇಳಿಸಿದರು. ಊಟವಾಯಿತು. ಬಾಯಮ್ಮ ಆಲ್ತಾರಿನ ಕಡೆ ನೋಡಿ ಶಿಲುಬೆಯ ಗುರುತು ಹಾಕಿ ಮಲಗಿದರು. ನಾವೆಲ್ಲ ಉಸಿರು ಹಿಡಿದು ಕೂತೆವು. ಸ್ವಲ್ಪ ಹೊತ್ತಿನಲ್ಲಿ ಗೊರಕೆ ಶುರುವಾಯಿತು. ಪೊರ್ಬುಗಳ ಕಣ್ಣಲ್ಲಿ ನೀರು ಬಂತು. ಗೊರಕೆ ಕೇಳಿ ಅಳುವ ಮಗನನ್ನು ನಾನು ಆವತ್ತೇ ನೋಡಿದ್ದು.

ಅಷ್ಟರಲ್ಲಿ ಮೀನಿನ ಬುಟ್ಟಿ ಹೊತ್ತ ಸುಂದರಿ ಎಂಬವಳು ಬಂದು ಕಿಟಕಿ ತಟ್ಟಿದಳು. "ಪೊರ್ಬುಗಳೇ, ನಿಮ್ಮ ಅಂಗಳಕ್ಕೆ ಕಡಲು ಬಂದದ್ದು ಗೊತ್ತುಂಟಾ?"

ನೋಡಿದರೆ ನೀರು ಏರಿ ಹಿಂದಿನ ಗಾಲಿಗಳು ಮರಳಿನಲ್ಲಿ ಅರ್ಧ ಹೂತಿದ್ದವು. ಪ್ಯಾಟ್ರಿಕ್ ಎಂಜಿನ್ ತಿರುಗಿಸಿದಷ್ಟೂ ಕೆಳಗೆ ಹೋಯಿತು. ಸುಂದರಿ ಅತ್ತ ರಂಪಣಿ ಬಲೆ ಎಳೆಯುತ್ತಿದ್ದವರನ್ನು ಕರೆದಳು. ದೊಡ್ಡ ಬಲೆಯನ್ನು ಕಡಲಿನಿಂದ ದಡಕ್ಕೆ ಎಳೆಯುವ ಜನ, ಬಸ್ಸು ಅವರಿಗೆಂತ ಲೆಕ್ಕ? ಹಗ್ಗ ಕಟ್ಟಿದರು. ಆಗ ಮ್ಯಾಗ್ಡಲಿನ್ ಬಾಯಿ ಕೈಮುಗಿದರು.

"ದಮ್ಮಯ್ಯ, ಬೊಬ್ಬೆ ಹಾಕಬೇಡಿ. ಒಳಗೆ ಅತ್ತೆ ಮಲಗಿದ್ದಾರೆ. ಎಚ್ಚರಾಗಿ ಇದು ಬಸ್ಸು ಎಂದು ನೆನಪಾದರೆ ಮತ್ತೆ ಇದರಲ್ಲಿ ಮಲಗುವುದಿಲ್ಲ."

ತಂಡದ ಯಜಮಾನ ತಲೆ ಕೆರೆದುಕೊಂಡ. "ಬಾಯಿ ಬಿಡದೆ ಹಗ್ಗ ಬರುವುದಿಲ್ಲವಲ್ಲ ಅಕ್ಕ." ಕೊನೆಗೆ ಅಷ್ಟೂ ಗಂಡಸರು ಪಿಸುಪಿಸು ಎಂದು ಪದ ಹೇಳುತ್ತಾ ಎಳೆದರು. ಅಷ್ಟು ದೊಡ್ಡ ದೇಹದವರು ಅಷ್ಟು ಸಣ್ಣ ಸ್ವರದಲ್ಲಿ ಹಾಡುವುದನ್ನು ಕೇಳಿ ಸುಂದರಿ ನಕ್ಕು ನಕ್ಕು ಬುಟ್ಟಿಯ ಬಂಗುಡೆ ಚೆಲ್ಲಿದಳು. ಬಸ್ಸು ಮೇಲೆ ಬಂತು, ಹಿಂದಿನ ಬಾಗಿಲು ಮಾತ್ರ ಹಗ್ಗದ ಜೊತೆ ಮುಂದೆ ಹೋಯಿತು. ಬಾಯಮ್ಮ ಮಗ್ಗುಲು ಬದಲಿಸಿದರು ಅಷ್ಟೆ.

ಮುರಿದ ಬಾಗಿಲಿಗೆ ಹಣ ಕೇಳಿದಾಗ ಸ್ಟ್ಯಾನಿಸ್ಲಾಸ್ ತಲೆಗೆ ಕೈಕೊಟ್ಟ. "ಭಾವ, ಮರಳು ರಸ್ತೆ ಅಲ್ಲ, ಆದ್ದರಿಂದ ಮೋಟಾರಿನವರು ಕೊಡುವುದಿಲ್ಲ. ಮನೆಯ ವಿಭಾಗದವರು, ಮನೆ ಕಡಲಿಗೆ ಯಾಕೆ ಹೋಯಿತು ಎಂದು ಕೇಳುತ್ತಾರೆ. ನೀರಿನಲ್ಲಿ ಮೊಗವೀರರು ಹಗ್ಗ ಕಟ್ಟಿ ಎಳೆದದ್ದು ಎಂದರೆ ಮೆರೀನಿನವರು ಇದು ಎಂಥ ದೋಣಿ ಎನ್ನುತ್ತಾರೆ."

"ಬಾಗಿಲು ಹಾಳಾಗಿ ಹೋಗಲಿ. ಗೋವೆಯ ಪಾಲಿಸಿ ಎಂತಾಯಿತು?"

"ಮಣಿಪಾಲದ ಆಫೀಸಿನಿಂದ ಸಾಹೇಬರೇ ನೋಡಲು ಬರುತ್ತಾರೆ. ಅವರು ವಾಹನ ಎಂದರೆ ಪಾಲಿಸಿ ಬರುವವರೆಗೆ ನಡೆಯುವ ಕವರ್ ನೋಟ್ ಅಲ್ಲಿಯೇ ಕೊಡುತ್ತಾರೆ. ಮರುದಿನವೇ ಹೊರಡಬಹುದು. ಮನೆ ಎಂದರೆ ಮುಗಿಯಿತು."

ಪೊರ್ಬುಗಳು ನನ್ನನ್ನು ಪಕ್ಕಕ್ಕೆ ಎಳೆದರು. "ಹೂವಪ್ಪ, ಸಾಹೇಬರ ಕಿವಿಗೆ ಇದು ಬಸ್ಸು ಆಗಬೇಕು. ಅಮ್ಮನ ಕಿವಿಗೆ ಮನೆ ಆಗಬೇಕು. ಎಂತ ಮಾಡುವುದು ಮಾರಾಯ?"

"ಬಾಯಮ್ಮನ ಕಿವಿ ಸ್ವಲ್ಪ ಮಂದ ಅಲ್ವಾ?"

"ತಿನ್ನುವ ವಿಷಯಕ್ಕೂ ಈ ವಿಷಯಕ್ಕೂ ಇಲ್ಲ."

ಸಾಹೇಬರು ಬಂದದ್ದು ಹೊಸ ವರ್ಷ ಕಳೆದ ಮೇಲೆ, ಸಾಯ್ಬರ ದರ್ಶನ ಮುಚ್ಚಲು ಕೆಲವೇ ದಿನ ಇರುವಾಗ. ಮೈಸೂರಿನ ಕಡೆಯವರು, ಬಿಳಿ ಷರಟು, ಕಪ್ಪು ಬೂಟು, ಬೇಸರದ ಮುಖ. ಬೂಟಿನಲ್ಲೇ ಧಡಧಡ ಬಸ್ಸು ಹತ್ತಿ ಮಂಚ, ಸ್ಟವ್ವು, ಆಲ್ತಾರು, ಮಂಚದಲ್ಲಿ ಜಪಮಾಲೆ ಹಿಡಿದು ಕೂತ ಬಾಯಮ್ಮ ಎಲ್ಲವನ್ನೂ ನೋಡಿ ಇಳಿದರು. ಹೊರಗೆ ಊರೆಲ್ಲ ಸೇರಿತ್ತು. ಬಾಯಮ್ಮನ ಕಿಟಕಿಯ ಪರದೆ ಒಂದು ಬೆರಳಿನಷ್ಟು ಸರಿಯಿತು.

"ಏನ್ರೀ ಇದು? ಮನೇನಾ, ಬಸ್ಸಾ?" ಸಾಹೇಬರು ನನ್ನನ್ನೇ ಕೇಳಬೇಕಾ.

ಸಾಹೇಬರ ಕಡೆ ನೋಡಿದರೆ ಬಸ್ಸು ಎನ್ನಬೇಕು, ಪರದೆಯ ಕಡೆ ನೋಡಿದರೆ ಮನೆ ಎನ್ನಬೇಕು. "ಸ್ವಾಮಿ, ಇದು ಪೊರ್ಬುಗಳದ್ದು" ಎಂದೆ.

"ಯಾರದು ಅಂತ ಕೇಳಲಿಲ್ಲ. ಏನು ಅಂತ ಕೇಳ್ದೆ."

"ತಗಡಿನದ್ದು ಸ್ವಾಮಿ."

ಸಾಹೇಬರು ನನ್ನನ್ನು ಬಿಟ್ಟು ಮ್ಯಾಗ್ಡಲಿನ್ ಬಾಯಿಯನ್ನು ಹಿಡಿದರು. ಅವರು ಸೆರಗಿನಿಂದ ಬೆವರು ಒರೆಸುತ್ತಾ, "ಹೊರಗಿನಿಂದ ನೋಡಿದರೆ ನೀವು ಹೇಳಿದ್ದು, ಒಳಗಿನಿಂದ ನೋಡಿದರೆ ನಾವು ಹೇಳಿದ್ದು" ಎಂದರು. ಫಾದರ್ ಡೊಮಿನಿಕ್, "ನಾನು ನೀರು ಚಿಮುಕಿಸಿದ್ದು ಮಾತ್ರ" ಎಂದು ಹಲಸಿನ ಮರದ ಹಿಂದೆ ಹೋದರು. ಪ್ಯಾಟ್ರಿಕ್ ಅರೆಗಣ್ಣಿನಲ್ಲಿ ಕಿಟಕಿ ನೋಡುತ್ತಾ, "ನಾನು ಇದರ ಡ್ರೈವರ್. ಈ ಮನೆ ಐದನೇ ಗೇರಿನಲ್ಲಿ ಸ್ವಲ್ಪ ಎಳೆಯುತ್ತದೆ" ಎಂದ. ಐದನೇ ಗೇರು ಆ ಬಸ್ಸಿಗೆ ಇರಲೇ ಇಲ್ಲ. ಗಣಪಯ್ಯನಿಗೆ ಇದ್ಯಾವ ಸೂಕ್ಷ್ಮವೂ ತಿಳಿಯದೆ ಎದೆ ಮುಂದೆ ಮಾಡಿ, "ಪಕ್ಕಾ ಮನೆ ಸಾರ್. ನಂಬರು ನಾನೇ ಹೊಡೆದದ್ದು" ಎಂದುಬಿಟ್ಟ.

ಸಾಹೇಬರು ಪೆನ್ನು ಮುಚ್ಚಿದರು. "ಹಾಗಾದ್ರೆ ಸರಿ ಹೋಯ್ತು. ಮನೆಗೆ ನಾವು ಮೋಟಾರು ಪಾಲಿಸಿ ಕೊಡಲ್ಲ."

ಅಷ್ಟರಲ್ಲಿ ಪರದೆ ಪೂರ್ತಿ ಸರಿಯಿತು. ಬಾಯಮ್ಮ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಸಾಹೇಬರ ಮುಂದೆ ನಿಂತರು.

"ನೀವು ಬಂದು ಎಷ್ಟು ಹೊತ್ತಾಯಿತು?"

"ಒಂದು ಗಂಟೆ ಆಗಿರಬೇಕು ಅಮ್ಮ."

"ಈ ಬಿಸಿಲಿನಲ್ಲಿ ಬಂದಿದ್ದೀರಿ. ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಯಾರಾದರೂ ಕೊಟ್ಟರಾ?"

"ಇಲ್ಲ."

"ಕೂತುಕೊಳ್ಳಿ ಎಂದರಾ?"

"ಇಲ್ಲಮ್ಮ."

"ಈ ಊರಿನಲ್ಲಿ ಯಾರನ್ನಾದರೂ ಕೇಳಿ. ಜೆರ್ಟ್ರೂಡಳ ಮನೆಯ ಮೆಟ್ಟಿಲು ಹತ್ತಿದವರು, ಶತ್ರು ಆಗಲಿ, ಸಾಲಗಾರ ಆಗಲಿ, ಬೆಲ್ಲ ನೀರು ಕುಡಿಯದೆ ಇಳಿದದ್ದುಂಟಾ ಎಂದು. ನೀವು ಹತ್ತಿ ನನ್ನ ಎದುರಿಗೇ ನಿಂತಿರಿ, ಇಳಿದಿರಿ. ನಾನು ಬಾಯಿ ಬಿಟ್ಟೆನಾ? ಹಾಗಾದರೆ ಇದು ಮನೆಯಾ?"

ಬಾಯಮ್ಮ ಹೇಳಿದ್ದು ಸತ್ಯ. ಅವರ ಮನೆಗೆ ಜಪ್ತಿಗೆ ಬಂದ ಅಮೀನನೂ ಬೆಲ್ಲ ಕಚ್ಚಿಕೊಂಡೇ ಪಾತ್ರೆ ಎಣಿಸಿದವನು.

"ಬಸ್ಸು ಇದು" ಎಂದರು ಬಾಯಮ್ಮ. ಆ ಮಾತು ಹೇಳುವಾಗ ಅವರು ಬಸ್ಸಿನ ಕಡೆ ತಿರುಗಿ ನೋಡಲಿಲ್ಲ. "ಗಣಪಯ್ಯ, ಆ ತಗಡು ಕೀಳು."

ಗಣಪಯ್ಯ ಕಿತ್ತ. ಪೊರ್ಬುಗಳು ಓಡಿಬಂದು ತಾಯಿಯ ಕೈ ಹಿಡಿದರು. "ಅಮ್ಮ, ಹೀಗೆ ಹೇಳಿಬಿಟ್ಟರೆ ನೀನು ಮಲಗುವುದು ಹೇಗೆ? ಗೋವೆವರೆಗೆ ಎಚ್ಚರ ಕೂತರೆ ನಿನ್ನ ಜೀವ ಉಳಿಯುತ್ತದಾ?"

"ಸುಮ್ಮನಿರು ಪುತಾ. ಸಾಹೇಬರು ಬರೆಯಲಿ."

ಸಾಹೇಬರು ಬಸ್ಸಿನ ಮುಂಭಾಗದ ಮೇಲೆ ಕಾಗದ ಇಟ್ಟು ಬರೆದರು. ವಾಹನ ಎಂದು ದೊಡ್ಡದಾಗಿ ಬರೆದು ಕೆಳಗೆ ಗೆರೆ ಎಳೆದರು, ಸಹಿ ಹಾಕಿದರು, ಕವರ್ ನೋಟ್ ಹರಿದು ಪೊರ್ಬುಗಳ ಕೈಗೆ ಕೊಟ್ಟರು. ಬಾಯಮ್ಮ ಅದನ್ನು ಮಗನ ಕೈಯಿಂದ ತೆಗೆದುಕೊಂಡು, ಶಾಯಿ ಒಣಗಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಮಡಚಿ ರವಿಕೆಯೊಳಗೆ ಸೇರಿಸಿದರು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದರು. ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು, ಹೂಜಿಯಿಂದ ನೀರು ಬಗ್ಗಿಸಿದ ಸದ್ದು ಕೇಳಿತು. ಹೊರಗೆ ಬಂದಾಗ ಅವರ ಒಂದು ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬೆಲ್ಲದ ತುಂಡು, ಹಿತ್ತಾಳೆಯ ಲೋಟ.

"ಇನ್ನು ಒಳಗೆ ಬನ್ನಿ ಸಾಹೇಬರೇ. ಹೊರಗೆ ಎಂತಕ್ಕೆ ನಿಂತಿದ್ದೀರಿ?"

ಸ್ಟ್ಯಾನಿಸ್ಲಾಸ್ ಕಣ್ಣು ಮುಚ್ಚಿಕೊಂಡ. ಗಣಪಯ್ಯ ಕಿತ್ತ ತಗಡನ್ನು ಬೆನ್ನ ಹಿಂದೆ ಹಿಡಿದುಕೊಂಡ. ಸಾಹೇಬರು ಬಾಯಮ್ಮನನ್ನು ನೋಡಿದರು, ಲೋಟವನ್ನು ನೋಡಿದರು, ತಾನು ಈಗಷ್ಟೇ ಮುಚ್ಚಿದ ಪೆನ್ನನ್ನು ನೋಡಿದರು. ಹೋಗಿ ಕುಡಿದರೆ ಬರೆದದ್ದು ಸುಳ್ಳಾಗುತ್ತದೆ, ಕುಡಿಯದಿದ್ದರೆ ಎಂಬತ್ತು ದಾಟಿದ ಹೆಂಗಸು ತಟ್ಟೆ ಹಿಡಿದು ನಿಂತಿದ್ದಾರೆ. ಅವರ ಬೇಸರದ ಮುಖದಲ್ಲಿ ಮೊದಲ ಸಲ ಏನೋ ಅಲುಗಾಡಿತು.

ಅವರು ಫುಟ್‌ಬೋರ್ಡಿನ ಹತ್ತಿರ ಬಂದು ಬಗ್ಗಿದರು. ಬೂಟಿನ ದಾರ ಬಿಚ್ಚಿ, ಬೂಟುಗಳನ್ನು ಹೊರಗೆ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಮನೆ ಗೋವೆಗೆ ಹೊರಟಿತು.